ಬರ್ತೇನೆ ಅಂದ ಮೇಲೆ

ಕೌಲಾಲಂಪುರದ ಮಾಂಟ್ ಕಿಯಾರಾದ ಒಂದು ಕಂಪನಿ ನನ್ನನ್ನು ಬೇಡವೆಂದದ್ದು ಎರಡೇ ಸಾಲಿನ ಇ-ಮೇಲಿನಲ್ಲಿ. ಮೊದಲ ಸಾಲಿನಲ್ಲಿ ನನ್ನ ಓದನ್ನೂ ನಾನು ಬರೆದ ಪರೀಕ್ಷೆಯನ್ನೂ ಹೊಗಳಿದ್ದರು. ಎರಡನೆಯದರಲ್ಲಿ, ಇನ್ನೂ ಸ್ವಲ್ಪ ಎನರ್ಜಿ ಇರುವವರನ್ನು ಹುಡುಕುತ್ತಿದ್ದೇವೆ ಎಂದಿದ್ದರು. ಇಂಥದ್ದನ್ನು ನಾನು ಯಾರಿಗೂ ಓದಿ ಹೇಳುವವಳಲ್ಲ. ಆದರೆ ಆಗ ನಾನಿದ್ದದ್ದು ಅದೇ ಊರಿನ ಬಾಂಗ್ಸಾರಿನಲ್ಲಿ, ಆಂಟಿಯ ಫ್ಲ್ಯಾಟಿನಲ್ಲಿ. ಅಲ್ಲಿ ಮುಖ ಸಪ್ಪಗಿದ್ದರೆ ಕಾರಣ ಹೇಳದೆ ಕಾಫಿ ಸಿಗುವುದಿಲ್ಲ.

"ಎನರ್ಜಿ ಇಲ್ಲವಂತಾ?" ಆಂಟಿ ನನ್ನ ಫೋನ್ ಕಸಿದುಕೊಂಡು ಓದಿದರು. "ಸರಿಯಾಗಿಯೇ ಹೇಳಿದ್ದಾರೆ ಮಾರಾಯ್ತಿ. ನೀನು ಕುರ್ಚಿಯಲ್ಲಿ ಕೂತ್ಕೊಳ್ಳುದು ನೋಡಿದ್ರೆ ಸತ್ತವರ ಮನೆಯ ಬೊಜ್ಜಕ್ಕೆ ಬಂದವಳ ಹಾಗೆ ಉಂಟು."

ಆಂಟಿ ನಮಗೆ ಸಂಬಂಧಿಕರಲ್ಲ. ಮಂಗಳೂರಿನ ಕ್ರಿಶ್ಚಿಯನ್ ಮನೆತನದವರು; ಮದುವೆಗೆ ಮೊದಲೇ ಕೆಲಸಕ್ಕೆಂದು ಕೌಲಾಲಂಪುರಕ್ಕೆ ಬಂದವರು. ಕಂಪನಿಗೆ ಜನರನ್ನು ಆರಿಸುವುದೇ ಅವರ ಕೆಲಸ. ಕನ್ನಡದವರು ಸೇರುವ ಯಾವುದೋ ಊಟದಲ್ಲಿ ಅಮ್ಮನಿಗೆ ಪರಿಚಯವಾಗಿ, ಒಂದೇ ಸಂಜೆಯಲ್ಲಿ ಅಕ್ಕ-ತಂಗಿಯರಾಗಿಬಿಟ್ಟರು. ನಾನು ಫಾರ್ಮಸಿ ಓದಿ ಮುಗಿಸಿ ಕೆಲಸ ಹುಡುಕತೊಡಗಿದಾಗ ಆಂಟಿಯೇ ಫೋನ್ ಮಾಡಿ, ಹಾಸ್ಟೆಲ್ ಬಿಡು, ನನ್ನ ಮನೆಯಲ್ಲಿ ಒಂದು ರೂಮು ಸುಮ್ಮನೆ ಬಿದ್ದುಕೊಂಡಿದೆ ಎಂದರು.

ಕೆಲಸ ಬೇಗ ಸಿಗಬೇಕಿತ್ತು. ನನ್ನ ಸ್ಟೂಡೆಂಟ್ ಪಾಸ್, ಅಂದರೆ ಈ ದೇಶದಲ್ಲಿರಲು ಕೊಟ್ಟ ಪರವಾನಗಿ, ಮುಗಿಯಲು ಬಂದಿತ್ತು. ಅಪ್ಪ ಮಣಿಪಾಲ ಬಿಟ್ಟು ಇಲ್ಲಿಯ ಮೆಲಾಕಾದ ಮೆಡಿಕಲ್ ಕಾಲೇಜಿಗೆ ಪಾಠ ಮಾಡಲು ಬಂದಾಗ ನಾನಿನ್ನೂ ಶಾಲೆಗೆ ಸೇರದ ಮಗು. ಅಕ್ಷರ ಕಲಿತದ್ದು, ಸೈಕಲ್ ಕಲಿತದ್ದು, ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಿ ಅಮ್ಮನಿಂದ ಬೈಸಿಕೊಂಡದ್ದು, ಎಲ್ಲವೂ ಇಲ್ಲಿಯೇ. ಆದರೂ ಈ ದೇಶದಲ್ಲಿ ನಾನು ಯಾವಾಗಲೂ ಒಂದಲ್ಲ ಒಂದು ಪಾಸಿನ ಮೇಲೆಯೇ ಇದ್ದವಳು. ಮೊದಲು ಅಪ್ಪನದರ ಜೊತೆಗೆ, ಆಮೇಲೆ ಕಾಲೇಜಿನದರ ಮೇಲೆ. ಇನ್ನು ಯಾವುದಾದರೂ ಕಂಪನಿ ನನಗೆ ಕೆಲಸ ಕೊಟ್ಟು ಪಾಸಿಗೆ ಅರ್ಜಿ ಹಾಕದಿದ್ದರೆ ಊರಿಗೆ ಹೊರಡಬೇಕು. ಊರಿನಲ್ಲಿ ನನಗೆ ಅತ್ತೆಯಂದಿರಿದ್ದಾರೆ, ಚಿಕ್ಕಪ್ಪನಿದ್ದಾನೆ. ಆದರೆ ಉಡುಪಿಯ ಬಸ್ ಸ್ಟ್ಯಾಂಡಿನಿಂದ ಯಾರ ಮನೆಗೂ ನನಗೆ ಒಬ್ಬಳೇ ಹೋಗಲು ದಾರಿ ಗೊತ್ತಿಲ್ಲ.

ಆಂಟಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಅವರು ನನ್ನನ್ನು ತಿದ್ದಲು ಹೊರಟರು.

"ನಿನ್ನ ಮಾರ್ಕು, ಡಿಗ್ರಿ ಎಲ್ಲ ಪೇಪರಿನಲ್ಲಿ ಉಂಟು, ಅದನ್ನು ಕೇಳ್ಲಿಕ್ಕೆ ಯಾರೂ ಕರೆಯುದಿಲ್ಲ," ಎನ್ನುತ್ತಿದ್ದರು ಬಂಗುಡೆಗೆ ಮಸಾಲೆ ಹಚ್ಚುತ್ತಾ. "ನಾವು ನೋಡುದು ಎಂತ ಗೊತ್ತುಂಟಾ? ಈ ಹುಡುಗಿ ನನ್ನ ಪಕ್ಕದ ಸೀಟಿನಲ್ಲಿ ಇಡೀ ದಿನ ಕೂತ್ರೆ ನನಗೆ ಮಂಡೆ ಬಿಸಿ ಆಗ್ತದಾ ಇಲ್ವಾ? ಅಷ್ಟೇ. ಅದಕ್ಕೆ ಟೀಮ್ ಪ್ಲೇಯರ್ ಅಂತ ಹೇಳುದು."

"ಸುಮ್ಮನೆ ಕೂತರೆ ಯಾಕೆ ಮಂಡೆ ಬಿಸಿ ಆಗಬೇಕು, ಆಂಟಿ?"

"ಸುಮ್ಮನೆ ಕೂತವರು ಎಂತ ಯೋಚನೆ ಮಾಡ್ತಾರೆ ಅಂತ ಗೊತ್ತಾಗುದಿಲ್ಲ ಅಲ್ವಾ. ಅದೇ ಹೆದರಿಕೆ."

ಅವರ ಪಾಠಗಳಲ್ಲಿ ಮುಖ್ಯವಾದದ್ದು ಮೌನದ ಬಗ್ಗೆ. ಎದುರಿನವರು ಮಾತು ನಿಲ್ಲಿಸಿದ ಕೂಡಲೇ ನಾನು ಹಿಡಿದುಕೊಳ್ಳಬೇಕು, ನೆಲಕ್ಕೆ ಬೀಳಲು ಬಿಡಬಾರದು. ಹಲ್ಲು ಕಾಣಬೇಕು. ಕೈ ಮಡಿಲಲ್ಲಿರಬಾರದು, ಮೇಜಿನ ಮೇಲೆ ಆಡುತ್ತಿರಬೇಕು. 'ನಿಮ್ಮ ದೌರ್ಬಲ್ಯವೇನು' ಎಂದು ಕೇಳಿದರೆ, ನಾನು ಕೆಲಸವನ್ನು ತೀರಾ ಹಚ್ಚಿಕೊಳ್ಳುತ್ತೇನೆ ಎನ್ನಬೇಕು. ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಅಭ್ಯಾಸ ಮಾಡಿದ್ದೇವೆ. ಸೌಟು ಹಿಡಿದ ಆಂಟಿ ಮ್ಯಾನೇಜರು. ಅನ್ನದ ಕುಕ್ಕರಿನ ಪಕ್ಕದಲ್ಲಿ ನಾನು. ನಕ್ಕು ತೋರಿಸು ಎನ್ನುತ್ತಿದ್ದರು. ನಕ್ಕರೆ, "ಅಯ್ಯೋ, ಹಲ್ಲು ನೋವು ಬಂದವರ ಹಾಗೆ ಅಲ್ಲ ಲಾ!" ಎಂದು ಇಲ್ಲಿಯವರಂತೆ ಕೊನೆಗೊಂದು 'ಲಾ' ಸೇರಿಸಿ ತಾವೇ ನಕ್ಕುಬಿಡುತ್ತಿದ್ದರು. ಅವರ ನಗು ದೊಡ್ಡದು, ಒಳ್ಳೆಯದು. ಲಿಫ್ಟಿನಲ್ಲಿ, ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ರೋಟಿ ಕಟ್ಟಿಸಿಕೊಳ್ಳುವಾಗ, ಕಾರು ನಿಲ್ಲಿಸಿದಲ್ಲಿ ಗಾರ್ಡ್ ಬೈದಾಗಲೂ ಅವರು ಅದನ್ನು ಧಾರಾಳವಾಗಿ ಖರ್ಚು ಮಾಡುತ್ತಿದ್ದರು. ಆ ನಗು ಅವರಿಗೆ ಬಾಗಿಲು ತೆರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ನನ್ನ ಮುಖದ ಮೇಲೆ ಕೂರಲಿಲ್ಲ, ಅಷ್ಟೇ.

ಒಂದು ಶನಿವಾರ ಬಸ್ ಹತ್ತಿ ಮೆಲಾಕಾಕ್ಕೆ ಹೋದೆ. ಅಂದು ಸಂಜೆ ನಮ್ಮ ಮನೆಗೆ ಊರಿನ ಕಡೆಯ ದಂಪತಿ ಬಂದಿದ್ದರು.

ನಮ್ಮವರು ಮನೆಗೆ ಬಂದರೆ ಹೇಗೆ ಹೊರಡುತ್ತಾರೆಂದು ಕನ್ನಡ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಸೋಫಾದಲ್ಲಿ ಕೂತಷ್ಟು ಹೊತ್ತು ಮಳೆ, ವಿಮಾನದ ಟಿಕೆಟ್ಟು, ಇಲ್ಲಿ ಸಿಗುವ ತೆಂಗಿನಕಾಯಿಯ ರುಚಿ. ಆಮೇಲೆ 'ಬರ್ತೇವೆ' ಎನ್ನುತ್ತಾರೆ. ಎದ್ದು ನಿಲ್ಲುತ್ತಾರೆ. ಚಪ್ಪಲಿ ಮೆಟ್ಟುತ್ತಾರೆ. ಗೇಟಿನವರೆಗೆ ಹೋಗುತ್ತಾರೆ, ಅಲ್ಲಿ ನಿಲ್ಲುತ್ತಾರೆ. ಬಂದ ಕಾರಣ ಬಾಯಿಗೆ ಬರುವುದು ಅಲ್ಲಿ. ಅಮ್ಮನಿಗೆ ಇದು ತಲೆನೋವು. ಗೇಟಿನ ಪಕ್ಕದ ಚರಂಡಿಯ ಸೊಳ್ಳೆಗಳೆಲ್ಲ ಅವಳ ಕಾಲಿಗೇ ಬರುತ್ತವಂತೆ. "ಒಳಗೆ ಕುರ್ಚಿ ಇತ್ತು, ಫ್ಯಾನ್ ಇತ್ತು, ಅಲ್ಲಿ ಹೇಳ್ಲಿಕ್ಕೆ ಎಂತ ಆಗಿತ್ತು ಇವರಿಗೆ?" ಎಂದು ಪ್ರತಿ ಸಲ ಗೊಣಗುತ್ತಾಳೆ.

ಅಂದೂ ಹಾಗೆಯೇ ಆಯಿತು. ಗೇಟಿನ ಬಳಿ ಆತ ಇನ್ನೊಮ್ಮೆ, "ಹಾಗಾದ್ರೆ ಬರ್ತೇವೆ ಡಾಕ್ಟ್ರೇ" ಎಂದರು. ಅಪ್ಪ ಏನನ್ನೂ ಹೇಳಲಿಲ್ಲ. ಪಕ್ಕದ ಮನೆಯ ರಂಬುಟಾನ್ ಮರವನ್ನು ನೋಡುತ್ತಾ ನಿಂತರು. ಆತನ ಕೈ ಕಾರಿನ ಬಾಗಿಲಿನ ಮೇಲಿತ್ತು. ಹೆಂಡತಿ ಆಗಲೇ ಒಳಗೆ ಕೂತಿದ್ದರು. ಅಪ್ಪ ಮರವನ್ನು ನೋಡುತ್ತಲೇ ಇದ್ದರು. ಆಗ ಆತ ಕಾರಿನ ಬಾಗಿಲು ಮುಚ್ಚಿ, ಎರಡು ಹೆಜ್ಜೆ ಹಿಂದೆ ಬಂದು, ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿದರು.

ಅದು ಏನೆಂದು ಇಲ್ಲಿ ಬರೆಯುವುದಿಲ್ಲ. ಅದು ಅಪ್ಪನಿಗೆ ಹೇಳಿದ್ದು. ಜಗಲಿಯ ಲೋಟಗಳನ್ನು ತೆಗೆಯಲು ಹೋದ ನನ್ನ ಕಿವಿಗೂ ಬಿದ್ದದ್ದು. ಮರುದಿನ ಬೆಳಿಗ್ಗೆ ಅಪ್ಪ ಆ ಇಬ್ಬರನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರು ಎಂಬಷ್ಟು ಹೇಳಿದರೆ ಸಾಕು.

"ಅವರು ಏನೋ ಹೇಳಲಿಕ್ಕಿದ್ದಾರೆ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ನಾನು ಕೇಳಿದೆ.

"ಗೊತ್ತಿರಲಿಲ್ಲ ಮಗಾ," ಎಂದರು ಅಪ್ಪ. "ಎಷ್ಟೋ ಸಲ ಎಂತದೂ ಇರುದಿಲ್ಲ. ಸುಮ್ಮನೆ ಸೊಳ್ಳೆ ಕಚ್ಚಿಸಿಕೊಂಡು ಬರುದು."

ಬಾಂಗ್ಸಾರಿಗೆ ಮರಳಿದ ವಾರವೇ ಇನ್ನೊಂದು ಕಂಪನಿಯಿಂದ ಕರೆ ಬಂತು. ಎಲ್‌ಆರ್‌ಟಿ ರೈಲು ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಆಫೀಸು. ಔಷಧ ತೆಗೆದುಕೊಂಡವರಿಗೆ ಏನಾದರೂ ತೊಂದರೆಯಾದರೆ ಅಲ್ಲಿಗೆ ಫೋನ್ ಮಾಡುತ್ತಾರೆ. ಕೇಳಿಸಿಕೊಂಡು, ಬರೆದುಕೊಂಡು, ಎಷ್ಟು ಗಂಭೀರ ಎಂದು ವಿಂಗಡಿಸಿ ಮುಂದಕ್ಕೆ ಕಳಿಸುವುದು ಕೆಲಸ. ಲಿಖಿತ ಪರೀಕ್ಷೆ ಸುಲಭವಾಗಿತ್ತು. ಉಳಿದದ್ದು ಒಂದು ಸುತ್ತು: ಆಫೀಸಿನವರೊಬ್ಬರು ರೋಗಿಯ ಮನೆಯವರಂತೆ ಫೋನ್ ಮಾಡುತ್ತಾರೆ, ನಾನು ಮಾತನಾಡಬೇಕು; ಅದಾದ ಮೇಲೆ ಸಂದರ್ಶನ.

ಬೆಳಿಗ್ಗೆ ಆಂಟಿ ತಮ್ಮ ಲಿಪ್‌ಸ್ಟಿಕ್ ತಂದು ನನಗೆ ಹಚ್ಚಿದರು. "ಇದು ನನ್ನ ಲಕ್ಕಿ ಬಣ್ಣ. ಹಲ್ಲು, ನೆನಪುಂಟಲ್ಲ? ಮತ್ತೆ ಮೌನ ಬಿಡಬೇಡ. ಪಾಸ್ ಮುಗಿದ ಮೇಲೆ ಊರಿಗೆ ಹೋಗಿ ಬೇಕಾದಷ್ಟು ಸುಮ್ಮನೆ ಕೂತ್ಕೋ."

ಇದು ಚುಚ್ಚಿತು. ಚುಚ್ಚಬೇಕೆಂದೇ ಹೇಳಿದ್ದರು.

ಕಾಯುವ ಕೋಣೆಯಲ್ಲಿ ನನ್ನ ಹಾಗೆ ಬಂದಿದ್ದ ಇನ್ನಿಬ್ಬರಿದ್ದರು. ನಾನು ಬರುವಷ್ಟರಲ್ಲಿ ಅವರು ಒಬ್ಬರನ್ನೊಬ್ಬರು ಇನ್‌ಸ್ಟಾಗ್ರಾಮಿನಲ್ಲಿ ಸೇರಿಸಿಕೊಂಡು, ಎಲ್ಲಿ ಚೆಂಡೋಲ್ ಎಂಬ ತಂಪು ಸಿಹಿ ಚೆನ್ನಾಗಿರುತ್ತದೆಂದು ವಾದ ಮಾಡುತ್ತಿದ್ದರು. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಕೇಳದ್ದಕ್ಕೆ ಕೊಡಲಿಲ್ಲ.

ಒಳಗೆ ಇಬ್ಬರು ಕೂತಿದ್ದರು. ಒಬ್ಬಳು ಎಚ್‌ಆರ್, ನನಗಿಂತ ಸ್ವಲ್ಪವೇ ದೊಡ್ಡವಳು, ಮುಖದ ತುಂಬ ಉತ್ಸಾಹ. ಇನ್ನೊಬ್ಬರು ಆ ವಿಭಾಗದ ಮುಖ್ಯಸ್ಥರು, ತಲೆ ನರೆತವರು. ಎಲ್ಲವೂ ನಡೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯುತ್ತಿದ್ದೇನೆ, 'ಲಾ', 'ಆ'ಗಳನ್ನು ಇದ್ದ ಹಾಗೆಯೇ ಬಿಟ್ಟು.

ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ಸ್ಪೀಕರಿನಲ್ಲಿ ಪಕ್ಕದ ಕೋಣೆಯ ಹೆಂಗಸಿನ ದನಿ. ಅವಳ ಅಮ್ಮನಿಗೆ ಬಿಪಿ ಮಾತ್ರೆ ಬದಲಾಯಿಸಿದ್ದಾರೆ, ಅಂದಿನಿಂದ ಎದ್ದು ನಿಂತರೆ ತಲೆ ಸುತ್ತುತ್ತದೆ ಲಾ. ನಾನು ಕೇಳಬೇಕಾದ್ದನ್ನು ಕೇಳಿದೆ. ಮಾತ್ರೆ ಯಾವುದು, ಯಾವಾಗಿನಿಂದ, ಬೇರೆ ಏನು ತೆಗೆದುಕೊಳ್ಳುತ್ತಾರೆ, ಬಿದ್ದಿದ್ದಾರೆಯೇ. ಡಾಕ್ಟರನ್ನು ಕಾಣದೆ ಮಾತ್ರೆ ನಿಲ್ಲಿಸಬೇಡಿ, ಇವತ್ತೇ ಅವರಿಗೆ ತಿಳಿಸಿ ಎಂದೆ. ಬರೆದುಕೊಂಡದ್ದನ್ನು ಅವಳಿಗೆ ಓದಿ ಹೇಳಿದೆ. ಎಚ್‌ಆರ್ ಹುಡುಗಿ ತಲೆಯಾಡಿಸುತ್ತಾ ಗುರುತು ಹಾಕುತ್ತಿದ್ದಳು.

"ಓಕೆ, ಅಷ್ಟೇ. ಥ್ಯಾಂಕ್ಯೂ ಆ," ಎಂದಳು ಫೋನಿನವಳು.

ಆಂಟಿಯ ಪಾಠದ ಪ್ರಕಾರ ನಾನು ಅಲ್ಲಿ ಹಿಡಿದುಕೊಳ್ಳಬೇಕಿತ್ತು: ಕರೆ ಮಾಡಿದ್ದಕ್ಕೆ ವಂದನೆ, ನಿಮ್ಮ ದಿನ ಚೆನ್ನಾಗಿರಲಿ. ಅದು ನಾಲಿಗೆಯ ತುದಿಯಲ್ಲೇ ಇತ್ತು. ನಾನು ಹೇಳಲಿಲ್ಲ. ಕಿಟಕಿಯಾಚೆ ರೈಲು ಹೋಗುವುದನ್ನು ನೋಡುತ್ತಾ ಸುಮ್ಮನಿದ್ದೆ.

ಎಚ್‌ಆರ್ ಹುಡುಗಿ ಪೆನ್ನಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು, ಮುಗಿಸು ಎಂಬಂತೆ ಸನ್ನೆ ಮಾಡಿದಳು. ಮತ್ತೊಮ್ಮೆ ಮಾಡಿದಳು. ಬಾಯಿ ತೆರೆದು ಏನೋ ಹೇಳಲು ಹೊರಟಳು. ನಾನು ಅಂಗೈ ಎತ್ತಿ ಅವಳನ್ನು ತಡೆದೆ.

ನನಗೆ ಕೆಲಸ ಕೊಡಬೇಕಾದವಳಿಗೆ, ಈ ದೇಶದಲ್ಲಿ ನಾನು ಉಳಿಯುತ್ತೇನೋ ಇಲ್ಲವೋ ಎಂಬುದನ್ನು ಕೈಯಲ್ಲಿ ಹಿಡಿದವಳಿಗೆ, ನಾನು ಅಂಗೈ ತೋರಿಸಿದ್ದೆ. ಅದು ನನಗೇ ಆಶ್ಚರ್ಯ.

ಆಮೇಲೆ ಫೋನಿನಿಂದ ಬಂದದ್ದು ಇಷ್ಟು:

"ಹಲೋ? ಹಲೋ? ಲೈನ್ ಕಟ್ ಆಯ್ತಾ?" ಆಮೇಲೆ, ಪಕ್ಕದಲ್ಲಿದ್ದ ಯಾರಿಗೋ, "ಈ ಹುಡುಗಿ ಎಲ್ಲಿ ಹೋದಳು ಲಾ?" ಗೋಡೆಯಾಚೆಯಿಂದ ನಗುವೂ ಕೇಳಿಸಿತು.

"ಇದ್ದೇನೆ," ಎಂದೆ. "ಬೇರೆ ಏನಾದರೂ ಹೇಳಬೇಕಿದ್ದರೆ ಹೇಳಿ."

"ಬೇರೆ ಏನೂ ಇಲ್ಲ ಲಾ." ಫೋನ್ ಇಟ್ಟಳು.

ಎಚ್‌ಆರ್ ಹುಡುಗಿ ಒಳ್ಳೆಯವಳು. ನನಗಾಗಿ ಒಂದು ದಾರಿ ಮಾಡಿಕೊಟ್ಟಳು. "ಎಲ್ಲ ಚೆನ್ನಾಗಿ ಹೋಗ್ತಾ ಇತ್ತು. ಕೊನೆಯಲ್ಲಿ ಏನಾಯ್ತು? ನರ್ವಸ್ ಆದ್ರಾ? ಪರವಾಗಿಲ್ಲ, ಎಲ್ಲರಿಗೂ ಆಗುತ್ತೆ."

ಹೌದು ಎಂದರೆ ಮುಗಿಯುತ್ತಿತ್ತು. ನಕ್ಕು ಹೌದು ಎಂದರೆ ಇನ್ನೂ ಒಳ್ಳೆಯದಾಗುತ್ತಿತ್ತು. ಹೆದರಿದವರನ್ನು ಎಲ್ಲರೂ ಕ್ಷಮಿಸುತ್ತಾರೆ.

"ನರ್ವಸ್ ಆಗಲಿಲ್ಲ," ಎಂದೆ. "ಕಾಯುತ್ತಿದ್ದೆ."

"ಯಾವುದಕ್ಕೆ?"

ನಾನು ಗೇಟಿನ ವಿಷಯ ಹೇಳಿದೆ. ನಮ್ಮ ಜನ ಹೊರಡುತ್ತೇನೆ ಎಂದ ಮೇಲೆಯೇ ಮುಖ್ಯವಾದದ್ದನ್ನು ಹೇಳುತ್ತಾರೆ, ನಮ್ಮ ಅಪ್ಪ ಗೇಟಿನಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ, ಹಾಗೆ ನಿಂತದ್ದರಿಂದಲೇ ಮೊನ್ನೆ ಒಬ್ಬರು ಹೇಳಬೇಕಾದ್ದನ್ನು ಹೇಳಿದರು ಎಂದೆ. ಇಷ್ಟು ಉದ್ದ ನಾನು ಅಪರಿಚಿತರೆದುರು ಮಾತನಾಡಿದ್ದು ಕಡಿಮೆ.

"ಓಹ್, ಇಂಟರೆಸ್ಟಿಂಗ್!" ಎಚ್‌ಆರ್ ಹುಡುಗಿ ಮುಂದಕ್ಕೆ ಬಾಗಿದಳು. "ಏನು ಹೇಳಿದ್ರು ಅವರು?"

"ಅದನ್ನು ನಾನು ಹೇಳುವಂತಿಲ್ಲ."

"ಹೆಸರು ಬೇಡ ಲಾ. ಸುಮ್ಮನೆ ಒಂದು ಉದಾಹರಣೆಗೆ."

"ಉದಾಹರಣೆಗೂ ಇಲ್ಲ. ಅವರು ಅದನ್ನು ನನಗೆ ಹೇಳಿದ್ದಲ್ಲ."

ಅವಳ ಮುಖ ಒಂದಿಷ್ಟು ಸಣ್ಣದಾಯಿತು. "ಆದರೆ ಇಲ್ಲಿ ಏನೂ ಬರಲಿಲ್ಲವಲ್ಲ. ಫೋನ್ ಮಾಡಿದವರಿಗೆ ಲೈನ್ ಕಟ್ಟಾಯ್ತು ಅನ್ನಿಸ್ತು. ಅದು ಅವರಿಗೆ ಒಳ್ಳೇ ಅನುಭವ ಅಲ್ಲ."

ಅದು ಸರಿಯಾದ ಮಾತು. "ಗೇಟಿನಲ್ಲಿ ಮುಖ ಕಾಣುತ್ತದೆ, ಫೋನಿನಲ್ಲಿ ಕಾಣುವುದಿಲ್ಲ. ಇನ್ನು ಮುಂದೆ 'ಇದ್ದೇನೆ, ಹೇಳಿ' ಎಂದು ಹೇಳಿ ಆಮೇಲೆ ಕಾಯುತ್ತೇನೆ," ಎಂದೆ. "ಆದರೆ ಕಾಯುತ್ತೇನೆ."

ಆಗ ಅವಳು ಕಾಗದಗಳನ್ನು ಜೋಡಿಸಿಕೊಂಡು, ನಾನು ನಿರೀಕ್ಷಿಸಿದ್ದ ಪ್ರಶ್ನೆಗೆ ಬಂದಳು. ಅವರದು ಗಲಗಲ ಎನ್ನುವ ತಂಡ. ಮಧ್ಯಾಹ್ನ ಎಲ್ಲರೂ ಸೇರಿ ಮಕಾನ್, ಅಂದರೆ ಊಟ; ಯಾರೂ ಟಪಾವ್ ಎಂದು ಕಟ್ಟಿಸಿಕೊಂಡು ಬಂದು ಒಬ್ಬರೇ ತಿನ್ನುವುದಿಲ್ಲ. ಆಗಾಗ ಶುಕ್ರವಾರ ಕರೋಕೆ. ನಾನು ಕಾಯುವ ಕೋಣೆಯಲ್ಲೂ ತುಂಬ ಸುಮ್ಮನಿದ್ದೆನೆಂದು ಯಾರೋ ಹೇಳಿದರಂತೆ. "ನಿಮ್ಮ ಕೆಲಸದ ಬಗ್ಗೆ ನಮಗೆ ಅನುಮಾನ ಇಲ್ಲ. ಸ್ವಲ್ಪ ಮುಕ್ತವಾಗಿ ಇರೋದಕ್ಕೆ ಪ್ರಯತ್ನ ಮಾಡ್ತೀನಿ ಅಂತ ಹೇಳಬಲ್ಲಿರಾ?"

ಶಾಲೆಯ ವರದಿಗಳಲ್ಲಿ, ಕಾಲೇಜಿನ ಪ್ರಾಜೆಕ್ಟುಗಳಲ್ಲಿ, ಮಾಂಟ್ ಕಿಯಾರಾದ ಇ-ಮೇಲಿನಲ್ಲಿ, ಆಂಟಿಯ ಅಡುಗೆಮನೆಯಲ್ಲಿ, ಇಷ್ಟು ವರ್ಷವೂ ಇದೇ ಮಾತು ಬೇರೆ ಬೇರೆ ಬಟ್ಟೆ ತೊಟ್ಟು ಬಂದಿತ್ತು. ಪ್ರತಿ ಸಲವೂ ನಾನು ಪ್ರಯತ್ನಿಸುತ್ತೇನೆ ಎಂದಿದ್ದೆ. ತುಟಿಯ ಮೇಲೆ ಆಂಟಿಯ ಬಣ್ಣ ಒಣಗಿ ಬಿಗಿಯುತ್ತಿತ್ತು.

"ಊಟಕ್ಕೆ ಬರುತ್ತೇನೆ," ಎಂದೆ. "ಹಾಡುವುದಿಲ್ಲ. ಕೆಲಸಕ್ಕೆ ಬೇಕಾದಷ್ಟು ಮಾತನಾಡುತ್ತೇನೆ, ಈಗ ಆಡಿದ ಹಾಗೆ. ಅದಕ್ಕಿಂತ ಹೆಚ್ಚು ಮಾತಿನವಳಾಗುತ್ತೇನೆ ಎಂದು ಈಗ ಒಪ್ಪಿಕೊಂಡರೆ ಅದು ಸುಳ್ಳಾಗುತ್ತದೆ. ಸುಮ್ಮನಿರುವುದು ನನ್ನ ಕೊರತೆ ಎಂದು ನನಗೆ ಅನ್ನಿಸಿಲ್ಲ. ನಿಮಗೆ ಹಾಗನ್ನಿಸಿದರೆ ಈಗಲೇ ಹೇಳಿಬಿಡಿ, ನನಗೆ ಬೇರೆ ಕಡೆ ಹುಡುಕಲು ಸಮಯ ಕಡಿಮೆ ಇದೆ."

ನರೆತ ತಲೆಯವರು ಆಗ ಮೊದಲ ಬಾರಿ ಬಾಯಿ ತೆರೆದರು. ಎದುರಿನ ಹಾಳೆಯನ್ನು ತಿರುಗಿಸಿ, ಹಿಂಬದಿಯಲ್ಲಿ ಏನೂ ಇಲ್ಲವೆಂದು ನೋಡಿ, "ಫೋನ್ ಮಾಡಿದಾಕೆಗೆ ನಾವು ಬರೆದುಕೊಟ್ಟ ಮಾತುಗಳು 'ಅಷ್ಟೇ, ಥ್ಯಾಂಕ್ಯೂ' ಅನ್ನುವಲ್ಲಿಗೆ ಮುಗಿಯುತ್ತವೆ," ಎಂದರು. "ಅದರ ಮುಂದೆ ಆಕೆ ಏನು ಹೇಳಬೇಕು ಅಂತ ನಾವು ಯೋಚನೆ ಮಾಡಿಯೇ ಇಲ್ಲ. ಪಾಪ, ಆಕೆ ಏನು ಹೇಳ್ತಾಳೆ?"

ಅದು ದೂರೋ ಮೆಚ್ಚುಗೆಯೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ವಂದನೆ ಹೇಳಿ ಹೊರಗೆ ಬಂದು, ಸ್ಟೇಷನ್ನಿನ ಮೆಟ್ಟಿಲ ಬಳಿ ನಿಂತು ಲಿಪ್‌ಸ್ಟಿಕ್ ಒರೆಸಿಕೊಂಡೆ.

ನಂತರದ ದಿನಗಳಲ್ಲಿ ಆಂಟಿ ಕೇಳಿದ್ದಕ್ಕೆಲ್ಲ "ಆಯ್ತು, ನೋಡ್ಬೇಕು" ಎಂದಷ್ಟೇ ಹೇಳಿದೆ. ಊರಿಗೆ ಹೋಗುವ ವಿಮಾನಗಳನ್ನೂ ಫೋನಿನಲ್ಲಿ ನೋಡಿಟ್ಟುಕೊಂಡೆ. ತಪ್ಪು ಮಾಡಿದೆನೇ ಎಂದು ಕೇಳಿಕೊಂಡೆ. ಕೆಲಸ ತಪ್ಪಿರಬಹುದು, ಮಾಡಿದ್ದು ತಪ್ಪಲ್ಲ ಎಂಬ ಉತ್ತರವೇ ಮತ್ತೆ ಮತ್ತೆ ಬಂತು.

ಒಂದು ಮಧ್ಯಾಹ್ನ ಎಚ್‌ಆರ್ ಹುಡುಗಿಯೇ ಫೋನ್ ಮಾಡಿದಳು. ಕೆಲಸ ಸಿಕ್ಕಿತ್ತು. ಪಾಸಿನ ಅರ್ಜಿಗೆ ಏನೇನು ಕಳಿಸಬೇಕೆಂದು ಹೇಳಿದಳು. ಪ್ರೊಬೇಷನ್ ಮುಗಿಯುವಾಗ ನಾನು ತಂಡದ ಜೊತೆ ಹೇಗೆ ಬೆರೆಯುತ್ತೇನೆ ಎಂಬುದನ್ನೂ ನೋಡುತ್ತೇವೆ ಎಂದಳು. ನೋಡಲಿ. ಕೊನೆಯಲ್ಲಿ, "ಓಕೆ, ಅಷ್ಟೇ," ಎಂದು, ಸ್ವಲ್ಪ ತಡೆದು, "ಈಗಲೂ ಕಾಯ್ತಾ ಇದ್ದೀರಾ?" ಎಂದು ಕೇಳಿ ನಕ್ಕಳು.

"ಇದ್ದೇನೆ, ಹೇಳಿ," ಎಂದೆ. ಅವಳು ಇನ್ನಷ್ಟು ನಕ್ಕಳು.

ಆ ವಾರದ ಕೊನೆಗೆ ಮೆಲಾಕಾಕ್ಕೆ ಹೊರಟೆ. ನಾನು ಚೀಲ ಕಟ್ಟುತ್ತಿದ್ದರೆ ಹಾಲಿನಲ್ಲಿ ಆಂಟಿ ಅಮ್ಮನ ಜೊತೆ ಫೋನಿನಲ್ಲಿದ್ದರು. "ನಾನು ಹೇಳಿಕೊಟ್ಟದ್ದಲ್ವಾ ಮಾರಾಯ್ತಿ! ನಗು, ನಗು, ಮೌನ ಬಿಡಬೇಡ ಅಂತ. ಕಲ್ಲನ್ನು ಮಾತಾಡಿಸಿದ ಹಾಗೆ ಆಗಿದೆ ನನಗೆ!"

ಬೇರೆ ದಿನವಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಅವರ ಮನೆಯ ಅನ್ನ ಉಂಡಿದ್ದೆ, ಅವರ ರೂಮಿನಲ್ಲಿ ಮಲಗಿದ್ದೆ. ಆದರೆ ಇದೊಂದನ್ನು ಬಿಡಲಾಗಲಿಲ್ಲ. ಅವರು ಫೋನ್ ಇಟ್ಟ ಮೇಲೆ ಹೇಳಿದೆ:

"ಆಂಟಿ, ನಾನು ನಗಲಿಲ್ಲ."

"ಎಂತ?"

"ಒಂದು ಸಲವೂ ನಗಲಿಲ್ಲ. ಅವರು ಕೇಳಿದ್ದಕ್ಕೆ ಆಗುವುದಿಲ್ಲ ಅಂದೆ. ಎಚ್‌ಆರ್‌ಗೆ ಸುಮ್ಮನಿರು ಅಂತ ಕೈ ತೋರಿಸಿದೆ."

ಆಂಟಿ ಸೋಫಾದ ಮೇಲೆ ಕೂತುಬಿಟ್ಟರು. "ಕೈ ತೋರಿಸಿದ್ಯಾ? ಎಚ್‌ಆರ್‌ಗಾ? ಹಾಗೆ ಮಾಡಿದವರನ್ನು ನಾನು ಬಾಗಿಲು ದಾಟ್ಲಿಕ್ಕೆ ಬಿಡುದಿಲ್ಲ!"

"ಗೊತ್ತು ಆಂಟಿ."

"ಅದೆಂಥ ಕಂಪನಿ ಅದು?" ಎಂದು ಗೊಣಗುತ್ತಾ ಎದ್ದು, ಅಮ್ಮನಿಗೆಂದು ಕಟ್ಟಿಟ್ಟಿದ್ದ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿದರು. ಸಿಟ್ಟು ಬಂದಿತ್ತೋ ಇಲ್ಲವೋ, ಲಿಫ್ಟಿನವರೆಗೆ ಬಂದರು. ಗುಂಡಿಯನ್ನೂ ಅವರೇ ಒತ್ತಿದರು.

"ಆಯ್ತು, ಹೋಗಿ ಬಾ. ಮುಟ್ಟಿದ ಕೂಡ್ಲೆ ಮೆಸೇಜ್ ಮಾಡು."

"ಬರ್ತೇನೆ ಆಂಟಿ."

ಅವರು ತಿರುಗಿ ಹೋಗಲಿಲ್ಲ. ನಾನು ಲಿಫ್ಟಿನ ಮೇಲೆ ಬದಲಾಗುತ್ತಿದ್ದ ಅಂಕಿಗಳನ್ನು ನೋಡುತ್ತಾ ನಿಂತೆ.

"ನಕ್ಕು ನಕ್ಕು ಸಂಜೆ ಆಗುವಾಗ ನನಗೆ ಕೆನ್ನೆ ನೋಯ್ತದೆ, ಗೊತ್ತುಂಟಾ," ಎಂದರು ಆಂಟಿ.

ಈ ಒಂದು ಮಾತನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಅದರ ಮುಂದೆ ಅವರು ಹೇಳಿದ್ದಕ್ಕೆ ಒಪ್ಪಿಗೆ ಕೇಳಿಲ್ಲ, ಬರೆಯುವುದೂ ಇಲ್ಲ. ಲಿಫ್ಟು ಬಂದು ಬಾಗಿಲು ತೆರೆಯಿತು. ಯಾರೂ ಹತ್ತದಿದ್ದುದರಿಂದ ಮುಚ್ಚಿಕೊಂಡು ಕೆಳಗೆ ಹೋಯಿತು.